ಆರು ಫೈನಲ್‌ಗಳ ವರ್ಷ

ಕಾರವಾರದ ಹಬ್ಬುವಾಡದ ಮನೆಯ ಗೋಡೆಯ ಮೇಲೆ 2023ರ ಕಾಲನಿರ್ಣಯ ಕ್ಯಾಲೆಂಡರ್ ಇನ್ನೂ ತೂಗುತ್ತಿತ್ತು. ಸಂಕಷ್ಟಿ, ಏಕಾದಶಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಎಲ್ಲ ಅದರಲ್ಲೇ ಇವೆ. ತೆಗೆದು ಮಡಚಿಡುವ ಮುಂಚೆ, ಸುಮ್ಮನೆ ಕುತೂಹಲಕ್ಕೆ, ಆ ವರ್ಷ ನಮ್ಮ ದೇಶದ ಫುಟ್‌ಬಾಲ್‌ನ ದೊಡ್ಡ ಪಂದ್ಯಗಳು ನಡೆದ ದಿನಗಳಿಗೆ ಪೆನ್ಸಿಲ್‌ನಿಂದ ಸುತ್ತು ಹಾಕತೊಡಗಿದೆ. ಮಾರ್ಚ್ 4, ಸಂತೋಷ್ ಟ್ರೋಫಿ ಫೈನಲ್: ಆಡಿದ್ದು ಕರ್ನಾಟಕ. ಮಾರ್ಚ್ 18, ಇಂಡಿಯನ್ ಸೂಪರ್ ಲೀಗ್ ಫೈನಲ್: ಆಡಿದ್ದು ಬೆಂಗಳೂರು ಎಫ್‌ಸಿ. ಏಪ್ರಿಲ್ 25, ಸೂಪರ್ ಕಪ್ ಫೈನಲ್: ಮತ್ತೆ ಬೆಂಗಳೂರು ಎಫ್‌ಸಿ. ಮೇ 21, ಮಹಿಳೆಯರ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್: ಬೆಂಗಳೂರಿನದೇ ಕಿಕ್‌ಸ್ಟಾರ್ಟ್ ಎಫ್‌ಸಿ. ಜುಲೈ 4, ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್: ಭಾರತ, ಅದೂ ಬೆಂಗಳೂರಿನ ಕಂಠೀರವದ ಅಂಗಳದಲ್ಲಿ. ಆ ಋತು ಶುರುವಾದದ್ದು ಹಿಂದಿನ ವರ್ಷ ಅಲ್ಲವೇ, 2022ರ ಸೆಪ್ಟೆಂಬರ್ 18ನ್ನೂ ಸೇರಿಸಿಕೊಂಡೆ. ಡ್ಯುರಾಂಡ್ ಕಪ್ ಫೈನಲ್: ಬೆಂಗಳೂರು ಎಫ್‌ಸಿ!

ಪೆನ್ಸಿಲ್ ಕೈಯಲ್ಲೇ ಉಳಿಯಿತು. ಒಂದೇ ಋತುವಿನಲ್ಲಿ ಆರು ಫೈನಲ್. ಐದರಲ್ಲಿ ಆಡಿದವರು ನಮ್ಮ ರಾಜ್ಯದ ತಂಡದವರು, ಆರನೆಯದು ನಡೆದದ್ದು ನಮ್ಮ ರಾಜ್ಯದ ಮೈದಾನದಲ್ಲಿ. ಭಾರತದ ಫುಟ್‌ಬಾಲ್ ಎಂದರೆ ಬಂಗಾಳ, ಗೋವಾ, ಕೇರಳ, ಮಣಿಪುರ ಎಂದು ಬಾಯಿಪಾಠ ಮಾಡಿಕೊಂಡು ಬೆಳೆದವರು ನಾವು. ಆ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಕರ್ನಾಟಕ, 2022-23ರಲ್ಲಿ ದೇಶದ ಕಾಲ್ಚೆಂಡಿನ ನಟ್ಟನಡುವೆ ನಿಂತಿತ್ತು. ಇದನ್ನು ಯಾರೂ ನಮಗೆ ಹೀಗೆ ಒಟ್ಟಿಗೆ ಜೋಡಿಸಿ ಹೇಳಲಿಲ್ಲವಲ್ಲ!

ಕಾರವಾರದಲ್ಲಿ ಕೂತು ಇದನ್ನು ನೋಡುವುದರಲ್ಲಿ ಇನ್ನೊಂದು ಬೆರಗಿದೆ. ರಾಜಧಾನಿಯ ಕಂಠೀರವಕ್ಕೆ ಹೋಗಬೇಕೆಂದರೆ ನಮಗೆ ಘಟ್ಟ ಹತ್ತಿ ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು, ಐನೂರು ಕಿಲೋಮೀಟರಿಗೂ ಹೆಚ್ಚು. ಆದರೆ ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ, ಪೋಳೆ ಗಡಿ, ಕಾಣಕೋಣ, ಕುಂಕಳ್ಳಿ ಎಂದು ಬಡಗಣಕ್ಕೆ ಹೊರಟರೆ ಸುಮಾರು ಎಪ್ಪತ್ತು ಕಿಲೋಮೀಟರಿಗೆ ಮಡಗಾಂವ. ಅಲ್ಲೇ ಫಾತೋರ್ಡಾ, ಅಲ್ಲೇ ಪಂಡಿತ್ ಜವಾಹರಲಾಲ್ ನೆಹರೂ ಕ್ರೀಡಾಂಗಣ. ಕೊಂಕಣ ರೈಲಿನಲ್ಲಿ ಹೋದರಂತೂ ಕಿಟಕಿಯಾಚೆಯ ಸುರಂಗಗಳನ್ನು ಎಣಿಸಿ ಮುಗಿಸುವುದರೊಳಗೆ ಸ್ಟೇಷನ್ ಬಂದುಬಿಡುತ್ತದೆ. ಆ ಆರು ಫೈನಲ್‌ಗಳಲ್ಲಿ ಒಂದು ನಡೆದದ್ದು ಇದೇ ಫಾತೋರ್ಡಾದಲ್ಲಿ. ಬೆಂಗಳೂರಿನ ತಂಡ ತನ್ನ ವರ್ಷದ ಅತಿ ದೊಡ್ಡ ಪಂದ್ಯ ಆಡಿದ್ದು ಬೆಂಗಳೂರಿಗರಿಗಿಂತ ಕಾರವಾರ, ಅಂಕೋಲೆಯವರಿಗೆ ಹತ್ತಿರದಲ್ಲಿ!

ಈ ಋತು ಹುಟ್ಟಿದ ಗಳಿಗೆಯನ್ನು ನೋಡಿ. 2022ರ ಆಗಸ್ಟ್ 15, ಸ್ವಾತಂತ್ರ್ಯದ ಅಮೃತ ಮಹೋತ್ಸವದ ದಿನ. ಆ ರಾತ್ರಿ ಸ್ವಿಟ್ಜರ್ಲೆಂಡಿನಿಂದ ಸುದ್ದಿ ಬಂತು: ಫಿಫಾ ಭಾರತದ ಫುಟ್‌ಬಾಲ್ ಫೆಡರೇಷನ್ ಅನ್ನು ಅಮಾನತು ಮಾಡಿದೆ. ಅವಧಿ ಮುಗಿದರೂ ಚುನಾವಣೆ ನಡೆಯದೆ ಹಳೆಯ ಆಡಳಿತವೇ ಮುಂದುವರಿದಿತ್ತು, ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿಯೊಂದನ್ನು ನೇಮಿಸಿತ್ತು. ಫಿಫಾದ ಕಣ್ಣಿಗೆ ಅದು ಹೊರಗಿನವರ ಹಸ್ತಕ್ಷೇಪ. ಅಮಾನತು ಎಂದರೆ ದೇಶದ ತಂಡ ಹೊರದೇಶದವರೊಡನೆ ಆಡುವಂತಿಲ್ಲ, ಕ್ಲಬ್ಬುಗಳೂ ಆಡುವಂತಿಲ್ಲ. ಏಷ್ಯಾದ ಕ್ಲಬ್ ಪಂದ್ಯಾವಳಿ ಆಡಲು ತಾಷ್ಕೆಂಟ್‌ಗೆ ಹೋಗಿಳಿದಿದ್ದ ಗೋಕುಲಂ ಕೇರಳದ ಹುಡುಗಿಯರು ಮೈದಾನಕ್ಕೆ ಕಾಲಿಡದೆಯೇ ವಾಪಸಾಗಬೇಕಾಯಿತು. ಎಷ್ಟು ಹೊಟ್ಟೆ ಉರಿದಿರಬೇಕು ಆ ಮಕ್ಕಳಿಗೆ. ಅಕ್ಟೋಬರಿನಲ್ಲಿ ನಮ್ಮಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪಿಗೂ ಕತ್ತರಿ ಬೀಳುವುದರಲ್ಲಿತ್ತು.

ವಿಚಿತ್ರ ನೋಡಿ, ಮರುದಿನವೇ, ಆಗಸ್ಟ್ 16ಕ್ಕೆ, ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಶುರು. 1888ರಲ್ಲಿ ಶಿಮ್ಲಾದಲ್ಲಿ ಹುಟ್ಟಿದ, ಏಷ್ಯಾದಲ್ಲೇ ಅತಿ ಹಳೆಯ ಪಂದ್ಯಾವಳಿ. ಜಗತ್ತು ಬಾಗಿಲು ಹಾಕಿದ ಬೆನ್ನಿಗೇ ಮನೆಯೊಳಗೆ ಚೆಂಡು ಉರುಳಿತು. ಹತ್ತೇ ದಿನದಲ್ಲಿ ಕೋರ್ಟು ಸಮಿತಿಯನ್ನು ಹಿಂತೆಗೆದುಕೊಂಡು, ಆಗಸ್ಟ್ 26ಕ್ಕೆ ಅಮಾನತು ರದ್ದಾಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ದೇಶದ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾ ಅವರಂಥವರೇ ಒಂದು ಮತಕ್ಕೆ ಇಳಿದು, ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ 33 ಮತ ಪಡೆದು ಅಧ್ಯಕ್ಷರಾದರು. ಉಪಾಧ್ಯಕ್ಷರಾಗಿ ಬಂದವರು ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷ ಎನ್.ಎ. ಹ್ಯಾರಿಸ್. ಅಷ್ಟರಲ್ಲಿ ಡ್ಯುರಾಂಡ್ ಕಪ್ ನಾಕೌಟಿನ ಹೊಸ್ತಿಲಿಗೆ ಬಂದಿತ್ತು.

ಕೋಲ್ಕತ್ತದ ಸಾಲ್ಟ್‌ ಲೇಕ್‌ನ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಎದುರಾಳಿ ಮುಂಬೈ ಸಿಟಿ. ಹನ್ನೊಂದನೇ ನಿಮಿಷಕ್ಕೆ ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್ ಗೋಲು ಹೊಡೆದ, ಮುಂಬೈಯ ಅಪೂಯಾ ಸಮ ಮಾಡಿದ, ಅರವತ್ತೊಂದನೇ ನಿಮಿಷದಲ್ಲಿ ಬ್ರೆಜಿಲಿನ ಅಲನ್ ಕೋಸ್ಟಾ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದ. 2-1. 2013ರಲ್ಲಿ ಹುಟ್ಟಿದ ಕ್ಲಬ್ಬಿಗೆ 131ನೇ ಡ್ಯುರಾಂಡ್ ಕಪ್, ಮೊದಲ ಸಲ. ಹತ್ತು ವರ್ಷವೂ ತುಂಬದ ತಂಡದ ಕೈಗೆ ಬಂದದ್ದು ಮುತ್ತಜ್ಜನ ಕಾಲದ ಕಪ್!

ದೇಶದ ತಂಡದ ಕಥೆ ಮಾತ್ರ ಆಗ ಬೇರೆ ಇತ್ತು. ಅದೇ ಸೆಪ್ಟೆಂಬರಿನಲ್ಲಿ ವಿಯೆಟ್ನಾಂಗೆ ಹೋಗಿ ಸಿಂಗಪುರದೊಡನೆ 1-1, ಆತಿಥೇಯರ ಎದುರು 0-3. ಆ ಮೂರು ಗೋಲುಗಳನ್ನು ನೆನಪಿಟ್ಟುಕೊಳ್ಳಿ. ಹತ್ತು ತಿಂಗಳಾಚೆ ಇದೇ ತಂಡ ಎಲ್ಲಿ ನಿಂತಿರುತ್ತದೆ ಎಂದು ಆ ರಾತ್ರಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಟೋಬರ್ ಬಂತು, ವಿಶ್ವಕಪ್ ಉಳಿಯಿತು. ಭುವನೇಶ್ವರ, ನವಿ ಮುಂಬೈ, ಮತ್ತೆ ನಮ್ಮ ಪಕ್ಕದ ಫಾತೋರ್ಡಾ. ಅಕ್ಟೋಬರ್ 26ರಂದು ಎರಡೂ ಸೆಮಿಫೈನಲ್ ಒಂದೇ ದಿನ ಇಲ್ಲೇ ನಡೆದವು. ನೈಜೀರಿಯಾವನ್ನು ಪೆನಾಲ್ಟಿಯಲ್ಲಿ ಕೊಲಂಬಿಯಾ ಸೋಲಿಸಿತು, ಜರ್ಮನಿಯನ್ನು ಸ್ಪೇನ್ ಒಂದು ಗೋಲಿನಿಂದ. ಕಾಳಿ ನದಿಯಾಚೆ ಎರಡು ತಾಸಿನ ದಾರಿಯಲ್ಲಿ ಮೂರು ಖಂಡಗಳ ನಾಲ್ಕು ಧ್ವಜಗಳು ಹಾರುತ್ತಿದ್ದವು. ನಮ್ಮ ಬೈತ್‌ಕೋಲದ ದೋಣಿಗಳು ಎಂದಿನಂತೆ ಮೀನಿಗೆ ಹೋಗಿ ಬರುತ್ತಿದ್ದವು. ಜಗತ್ತು ಇಷ್ಟು ಹತ್ತಿರ ಬಂದು ಹೋದದ್ದು ತಿಳಿಯದೇ ಹೋಯಿತಲ್ಲ ಎಂದು ಈಗ ಮೈ ಜುಮ್ಮೆನ್ನುತ್ತದೆ.

ಗಡಿಯ ಈಚೆ ಆಚೆ ಎನ್ನುವುದೇ ನಮ್ಮ ಕಡೆ ಒಂದು ಸೋಜಿಗ. ಗೋವಾಕ್ಕೆ ಫುಟ್‌ಬಾಲ್ ತಂದವರು ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ, 1883ರಲ್ಲಿ, ಶಿವೋಲಿ ಊರಿನ ಶಾಲೆಯ ಮಕ್ಕಳಿಗೆ ಎನ್ನುತ್ತಾರೆ. ಅದರ ಆಸುಪಾಸಿನಲ್ಲೇ ಕಾರವಾರಕ್ಕೆ ಬಂದು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದವರು ತರುಣ ರವೀಂದ್ರನಾಥ ಠಾಗೋರ್. ಅವರ ಹೆಸರು ಹೊತ್ತ ನಮ್ಮ ಕಡಲತೀರದಲ್ಲಿ ಇಂದಿಗೂ ಸಂಜೆ ನೀರು ಇಳಿದು ಮರಳು ಗಟ್ಟಿಯಾದರೆ ಹುಡುಗರು ಚಪ್ಪಲಿಗಳನ್ನು ಎರಡು ಗುಪ್ಪೆ ಮಾಡಿ ಗೋಲು ಕಟ್ಟುತ್ತಾರೆ. ಕೊಂಕಣಿಯಲ್ಲಿ ಬೈಯುತ್ತ, ಕನ್ನಡದಲ್ಲಿ ಲೆಕ್ಕ ಹಾಕುತ್ತ ಆಡುತ್ತಾರೆ. ಆಟ ಗಡಿ ಕೇಳಿ ಬಂದದ್ದಲ್ಲ.

ಈಗ ಮಾರ್ಚ್ ತಿಂಗಳಿಗೆ ಬರಬೇಕು. ಮಾರ್ಚ್ 1ರಿಂದ 18. ಹದಿನೆಂಟು ದಿನ! ಯಕ್ಷಗಾನದ ನಾಡಿನವರಿಗೆ ಹದಿನೆಂಟು ದಿನ ಎಂದರೆ ಬೇರೆ ಹೇಳಬೇಕಿಲ್ಲ, ಕುರುಕ್ಷೇತ್ರವೇ ಕಣ್ಣೆದುರು ಬರುತ್ತದೆ. ಕರ್ನಾಟಕದ ಫುಟ್‌ಬಾಲ್ ಆ ಹದಿನೆಂಟು ದಿನಗಳಲ್ಲಿ ಎರಡು ರಣರಂಗಗಳಲ್ಲಿ ಒಟ್ಟಿಗೆ ಹೋರಾಡಿತು, ಒಂದು ಇಲ್ಲಿ, ಇನ್ನೊಂದು ಅರಬ್ಬಿ ಸಮುದ್ರದಾಚೆಯ ಮರಳುನಾಡಿನಲ್ಲಿ.

ಮಾರ್ಚ್ 1. ಸೌದಿ ಅರೇಬಿಯಾದ ರಿಯಾದ್. ಸಂತೋಷ್ ಟ್ರೋಫಿಯ ಕೊನೆಯ ಹಂತ ಮೊದಲ ಬಾರಿಗೆ ಭಾರತದ ಹೊರಗೆ. ಸೆಮಿಫೈನಲ್‌ನಲ್ಲಿ ಕರ್ನಾಟಕ ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿತು. ಒಂದು ವರ್ಷವೂ ಆಗಿರಲಿಲ್ಲ, 2022ರ ಏಪ್ರಿಲಿನಲ್ಲಿ ಇದೇ ಟ್ರೋಫಿಯ ಸೆಮಿಫೈನಲ್‌ನಲ್ಲಿ, ಮಂಜೇರಿಯಲ್ಲಿ, ಕೇರಳದ ಎದುರು ಕರ್ನಾಟಕ 3-7ರಿಂದ ನುಚ್ಚುನೂರಾಗಿತ್ತು. ಜೆಸಿನ್ ಎಂಬ ಒಬ್ಬನೇ ಹುಡುಗ ಐದು ಗೋಲು ಹೊಡೆದಿದ್ದ. ಏಳು ಗೋಲು ತಿಂದ ರಾಜ್ಯ ಹತ್ತು ತಿಂಗಳಿಗೆ ಫೈನಲ್‌ನಲ್ಲಿ!

ಮಾರ್ಚ್ 3. ಕಂಠೀರವ. ಸೂಪರ್ ಲೀಗ್‌ನ ನಾಕೌಟ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಲೀಗ್‌ನ ನಡುವೆ ಸೋತು ಸೋತು ಕೆಳಗೆ ಕುಸಿದಿದ್ದ ಬೆಂಗಳೂರು, ಕೊನೆಯ ಎಂಟೂ ಪಂದ್ಯಗಳನ್ನು ಬೆನ್ನಿಗೆ ಬೆನ್ನು ಗೆದ್ದು ಇಲ್ಲಿಗೆ ಬಂದಿತ್ತು. ತೊಂಬತ್ತು ನಿಮಿಷ 0-0. ಹೆಚ್ಚುವರಿ ಸಮಯದ ಆರೇಳನೇ ನಿಮಿಷ. ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್. ಈ ಗಳಿಗೆಯನ್ನು ನಿಧಾನಕ್ಕೆ ನೋಡಬೇಕು. ನಿಯಮ ಹೇಳುವುದಿಷ್ಟು: ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು. ಹಾಗೆ ನಿಲ್ಲಿಸಿಕೊಡಿ ಎಂದು ಒದೆಯುವವನು ಕೇಳಿದರೆ ರೆಫರಿ ಅಳೆದು ಗೋಡೆ ನಿಲ್ಲಿಸಿ ಸೀಟಿ ಊದಿದ ಮೇಲೆಯೇ ಒದೆತ. ಆದರೆ ಆ ದೂರ ತನಗೆ ಬೇಡ ಎಂದರೆ ಒದೆಯುವವನು ಸೀಟಿಗೆ ಕಾಯಬೇಕಿಲ್ಲ, ತಕ್ಷಣ ಒದೆಯಬಹುದು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಗೋಡೆ ಸರಿಪಡಿಸುವುದರಲ್ಲಿದ್ದ. ಚೆಂಡಿನ ಬಳಿ ಬೆಂಗಳೂರಿನ ಸುನಿಲ್ ಛೆಟ್ರಿ. ತಲೆ ಎತ್ತಿ ಒಮ್ಮೆ ನೋಡಿದ, ಬಲಗಾಲಿನಿಂದ ಮೆಲ್ಲಗೆ ಎತ್ತಿ ಹಾಕಿದ. ಚೆಂಡು ಎಲ್ಲರ ತಲೆಯ ಮೇಲಿಂದ ಬಾಗಿ ಹೋಗಿ ಖಾಲಿ ಗೋಲಿನೊಳಗೆ ಬಿತ್ತು.

ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು, ಅವರು ಹೊರಟೇ ಹೋದರು! ಕಾದು ಕಾದು ಕೊನೆಗೆ ಬೆಂಗಳೂರು ಗೆದ್ದಿತೆಂದು ಘೋಷಿಸಬೇಕಾಯಿತು. ಕೇರಳಕ್ಕೆ ನಾಲ್ಕು ಕೋಟಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ ಬಿದ್ದದ್ದು ಆಮೇಲಿನ ಮಾತು. ನನ್ನ ಅಭಿಪ್ರಾಯ ಕೇಳಿದರೆ ಆ ಗೋಲು ನ್ಯಾಯವಾದದ್ದು. ಮೂವತ್ತೆಂಟು ದಾಟಿದ ಕಾಲುಗಳಿಗಿಂತ ಆ ತಲೆ ಎಷ್ಟು ಬೇಗ ಓಡಿತು ನೋಡಿ! ಆಟಗಾರರನ್ನು ಮೈದಾನ ಬಿಡಿಸಿದ್ದು ಆ ಸಂಜೆಗೆ ಬಂದಿದ್ದ ಎಲ್ಲರಿಗೂ ಆದ ಅನ್ಯಾಯ.

ಮಾರ್ಚ್ 4. ಈ ಗಲಾಟೆಯ ಸುದ್ದಿ ಇನ್ನೂ ಆರಿರಲಿಲ್ಲ, ಮರುದಿನವೇ ರಿಯಾದ್‌ನ ಕಿಂಗ್ ಫಹಾದ್ ಕ್ರೀಡಾಂಗಣದಲ್ಲಿ ಸಂತೋಷ್ ಟ್ರೋಫಿ ಫೈನಲ್. ಎದುರಿಗೆ ಮೊದಲ ಸಲ ಫೈನಲ್ ತಲುಪಿದ್ದ ಮೇಘಾಲಯ. ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು. ಒಂಬತ್ತನೇ ನಿಮಿಷ, ಪೆನಾಲ್ಟಿಯಿಂದ ಮೇಘಾಲಯ ಸಮ. ಹತ್ತೊಂಬತ್ತನೇ ನಿಮಿಷ, ಬೆಕೆ ಓರಾಂ. ಮೊದಲ ಅರ್ಧ ಮುಗಿಯುವ ಹೊತ್ತಿಗೆ ರಾಬಿನ್ ಯಾದವ್ ಫ್ರೀ ಕಿಕ್‌ನಿಂದ ಮೂರನೆಯದು. ಉಸಿರು ಬಿಡಲು ಪುರುಸೊತ್ತಿಲ್ಲ! ಅರವತ್ತನೇ ನಿಮಿಷಕ್ಕೆ ಮೇಘಾಲಯ ಇನ್ನೊಂದು ಹೊಡೆದು 3-2. ಅಲ್ಲಿಂದ ಕೊನೆಯ ಸೀಟಿಯವರೆಗೆ ಅರ್ಧ ತಾಸು, ಒಂದೇ ಗೋಲಿನ ಅಂತರ. ಕರ್ನಾಟಕ ಹಲ್ಲುಕಚ್ಚಿ ನಿಂತಿತು, ಗೆದ್ದಿತು. ಕೋಚ್ ರವಿ ಬಾಬು ರಾಜು ಅವರ ಹುಡುಗರು ಟ್ರೋಫಿ ಎತ್ತಿದರು.

ಐವತ್ತನಾಲ್ಕು ವರ್ಷದ ಮೇಲೆ ಎಂದು ಪತ್ರಿಕೆಗಳು ಬರೆದವು. ಆ ಲೆಕ್ಕದ ಬೆನ್ನು ಹತ್ತಿ ಹೋದರೆ ಇನ್ನೂ ದೊಡ್ಡ ಅಚ್ಚರಿ ಕಾದಿದೆ. ಸಂತೋಷ್ ಟ್ರೋಫಿ 1941ರದು, ಇಂದು ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಸಂಸ್ಥಾನದ ಅರಸರ ನೆನಪಿಗೆ ಇಟ್ಟ ಹೆಸರು. ನಮ್ಮವರು ಅದನ್ನು ಮುಂಚೆ ಗೆದ್ದದ್ದು ನಾಲ್ಕು ಸಲ: 1946-47, 1952-53, 1967-68, 1968-69. ನಾಲ್ಕೂ ಸಲ ಫೈನಲ್‌ನಲ್ಲಿ ಮಣಿಸಿದ್ದು ಬಂಗಾಳವನ್ನು! ಕಾಲ್ಚೆಂಡಿನ ತವರು ಎನಿಸಿಕೊಂಡ ಬಂಗಾಳವನ್ನು! ಆದರೆ ಆ ನಾಲ್ಕೂ ಗೆಲುವು ಬರೆದದ್ದು ಮೈಸೂರಿನ ಹೆಸರಿನಲ್ಲಿ. 1973ರ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕವಾಯಿತು, ಆಮೇಲೆ ಟ್ರೋಫಿ ಕೈಗೆ ಸಿಗಲೇ ಇಲ್ಲ. ಎಂದರೆ, ಕರ್ನಾಟಕ ಎಂಬ ಹೆಸರು ಆ ಕಪ್ಪಿನ ಮೇಲೆ ಏರಿದ್ದು 2023ರ ಮಾರ್ಚ್ 4ರಂದು, ಮೊಟ್ಟಮೊದಲು.

ನಮ್ಮ ಜಿಲ್ಲೆಗೆ ಈ ಲೆಕ್ಕ ಇನ್ನೂ ಬೇರೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರು. 1956ರ ನವೆಂಬರಿನವರೆಗೆ ಕಾರವಾರ ಮುಂಬೈನದೇ. ಮೈಸೂರು 1947ರಲ್ಲಿ, 1953ರಲ್ಲಿ ಗೆದ್ದಾಗ ಹಬ್ಬುವಾಡದವರ ರಾಜ್ಯದ ತಂಡ ಮೈಸೂರಲ್ಲ, ಮುಂಬೈ. 1967-68ರ ಹೊತ್ತಿಗೆ ನಾವು ಮೈಸೂರು ರಾಜ್ಯದಲ್ಲಿದ್ದೆವು. 2023ರಲ್ಲಿ ಕರ್ನಾಟಕದಲ್ಲಿ. ಒಂದೇ ಬೀದಿಯಲ್ಲಿ ಕೂತ ಅಜ್ಜ ಮೂರು ಹೆಸರಿನ ರಾಜ್ಯಗಳಿಗೆ ಜೈಕಾರ ಹಾಕಿರಬಹುದು!

ಮೈಸೂರಿನ ಆ ತಂಡಗಳ ಹಿಂದೆ ಎಂಥ ನೆಲವಿತ್ತು ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ, ಎದುರಿಗೆ ಫ್ರಾನ್ಸ್. ನಮ್ಮ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. 1-2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್, ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರೆಂದು ಮೆರೆದವರು. 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ದಂಡುಪ್ರದೇಶದ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಆಟ ಉಳಿದದ್ದು ಹೀಗೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಎಚ್‌ಎಎಲ್, ಐಟಿಐ, ಎಂಇಜಿ, ಎಎಸ್‌ಸಿ ಎಂದು ಕಾರ್ಖಾನೆ, ಸೇನೆಗಳ ತಂಡಗಳು ಆ ಹುಡುಗರಿಗೆ ಕೆಲಸ ಕೊಟ್ಟು ಆಡಿಸಿದವು. ರಿಯಾದ್‌ನ ಗೆಲುವು ಆಕಾಶದಿಂದ ಉದುರಿದ್ದಲ್ಲ.

ಕುರುಕ್ಷೇತ್ರ ಇನ್ನೂ ಮುಗಿದಿಲ್ಲ. ಮಾರ್ಚ್ 7, ಮುಂಬೈಯಲ್ಲಿ ಸೆಮಿಫೈನಲ್‌ನ ಮೊದಲ ಪಂದ್ಯ. ಆ ವರ್ಷ ಲೀಗ್‌ನಲ್ಲಿ ಹದಿನೆಂಟು ಪಂದ್ಯ ಸೋಲಿಲ್ಲದೆ ಆಡಿ ಶೀಲ್ಡ್ ಗೆದ್ದಿದ್ದ ಮುಂಬೈ ಸಿಟಿಯನ್ನು ಅದರ ಮನೆಯಲ್ಲೇ ಛೆಟ್ರಿ ತಲೆಯಿಂದ ಹೊಡೆದ ಒಂದು ಗೋಲು ಉರುಳಿಸಿತು. ಮಾರ್ಚ್ 12, ಕಂಠೀರವದಲ್ಲಿ ಮರುಪಂದ್ಯ. ಆರಂಭದಲ್ಲೇ ಮುಂಬೈಗೆ ಸಿಕ್ಕ ಪೆನಾಲ್ಟಿಯನ್ನು ಬೆಂಗಳೂರಿನ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದರು. ಹಾವಿ ಹೆರ್ನಾಂಡೆಸ್ ಬೆಂಗಳೂರಿಗೆ ಗೋಲು ತಂದ, ಬಿಪಿನ್ ಸಿಂಗ್ ತಿರುಗಿಸಿ ಕೊಟ್ಟ, ಮೆಹ್ತಾಬ್ ಸಿಂಗ್ ಮುಂಬೈಯನ್ನು ಮುಂದೆ ತಂದ. ಎರಡೂ ಪಂದ್ಯ ಸೇರಿ 2-2. ಪೆನಾಲ್ಟಿ ಶೂಟೌಟ್. ಒಂದು ಕಡೆಯವ ಹೊಡೆದ, ಗೋಲು. ಇನ್ನೊಂದು ಕಡೆಯವ ಹೊಡೆದ, ಗೋಲು. ಐದೈದು ಮುಗಿಯಿತು, ಆರು, ಏಳು, ಎಂಟು. ಹದಿನಾರು ಒದೆತ, ಹದಿನಾರೂ ಬಲೆಯಲ್ಲಿ! ಒಂಬತ್ತನೆಯವನಾಗಿ ಬಂದವನು ಅದೇ ಮೆಹ್ತಾಬ್, ಕೆಲವೇ ಹೊತ್ತಿನ ಮುಂಚೆ ಗೋಲು ಹೊಡೆದು ತಂಡವನ್ನು ಬದುಕಿಸಿದವನು. ಗುರುಪ್ರೀತ್ ಅದನ್ನು ತಡೆದರು. ಬೆಂಗಳೂರಿನ ಸಂದೇಶ್ ಝಿಂಗನ್ ಬಂದು ಗೋಲಿಗೆ ಅಟ್ಟಿದರು. 9-8. ಫೈನಲ್, ಫಾತೋರ್ಡಾ!

ಮಾರ್ಚ್ 18ರ ಸಂಜೆ. ಕೋಲ್ಕತ್ತದ ಎಟಿಕೆ ಮೋಹನ್ ಬಾಗಾನ್ ಒಂದು ಕಡೆ, ಬೆಂಗಳೂರು ಇನ್ನೊಂದು ಕಡೆ, ನೆಲ ಗೋವಾದ್ದು. ಮೊದಲ ನಿಮಿಷಗಳಲ್ಲೇ ಶಿವಶಕ್ತಿ ಗಾಯಗೊಂಡು ಹೊರನಡೆದ, ಬೆಂಚಿನಲ್ಲಿ ಕೂತಿದ್ದ ಛೆಟ್ರಿ ಒಳಬಂದರು. ಬೆಂಗಳೂರಿನ ರಾಯ್ ಕೃಷ್ಣನ ಕೈಗೆ ಚೆಂಡು ತಗುಲಿ ಬಾಗಾನ್‌ಗೆ ಪೆನಾಲ್ಟಿ, ದಿಮಿತ್ರಿ ಪೆಟ್ರಾಟೋಸ್ ಗೋಲು. ಈ ರಾಯ್ ಕೃಷ್ಣ ಯಾರು? ಫಿಜಿ ದ್ವೀಪದವನು, ಹಿಂದಿನ ಋತುವಿನವರೆಗೆ ಬಾಗಾನ್‌ನಲ್ಲೇ ಆಡುತ್ತಿದ್ದವನು. ಮೊದಲ ಅರ್ಧದ ಕೊನೆಗೆ ಅವನನ್ನೇ ಬೀಳಿಸಿ ಬೆಂಗಳೂರಿಗೆ ಪೆನಾಲ್ಟಿ, ಛೆಟ್ರಿ ಗೋಲು. ಎಪ್ಪತ್ತೆಂಟನೇ ನಿಮಿಷ, ಕಾರ್ನರ್‌ನಿಂದ ಬಂದ ಚೆಂಡಿಗೆ ರಾಯ್ ಕೃಷ್ಣನದೇ ತಲೆ. 2-1! ಹನ್ನೆರಡು ನಿಮಿಷ ಕಾಯ್ದರೆ ಕಪ್ ಬೆಂಗಳೂರಿಗೆ. ಎಂಬತ್ತೈದನೇ ನಿಮಿಷಕ್ಕೆ ಮತ್ತೆ ಪೆನಾಲ್ಟಿ, ಮತ್ತೆ ಪೆಟ್ರಾಟೋಸ್. 2-2. ಶೂಟೌಟಿನಲ್ಲಿ ಬಾಗಾನ್‌ನ ನಾಲ್ವರೂ ತಪ್ಪಲಿಲ್ಲ, ಅವರಲ್ಲೊಬ್ಬ ಗೋವಾದ ಮಣ್ಣಿನವನೇ ಆದ ಲಿಸ್ಟನ್ ಕೊಲಾಸೊ. ಬೆಂಗಳೂರಿನ ಒಂದು ಒದೆತವನ್ನು ಬಾಗಾನ್‌ನ ಗೋಲ್‌ಕೀಪರ್ ವಿಶಾಲ್ ಕೈತ್ ತಡೆದರು, ಇನ್ನೊಂದು ಮೇಲಿನಿಂದ ಹಾರಿಹೋಯಿತು. 3-4. ಆರು ದಿನಗಳ ಹಿಂದೆ ಹದಿನೆಂಟರಲ್ಲಿ ಹದಿನೇಳು ಒದೆತ ಗೋಲಾದ ಶೂಟೌಟನ್ನು ಗೆದ್ದ ತಂಡ, ಇಲ್ಲಿ ಎರಡು ತಪ್ಪಿ ಸೋತಿತು.

ಸೂಪರ್ ಕಪ್ಪಿನ ಕಥೆ ಬೇಗ ಮುಗಿಯುತ್ತದೆ. ಏಪ್ರಿಲ್ 25, ಕೋಳಿಕ್ಕೋಡ್. ಡಿಯಾಗೊ ಮೌರಿಸಿಯೊ ಎರಡು ಹೊಡೆದ, ಛೆಟ್ರಿ ಕೊನೆಗೊಂದು ಪೆನಾಲ್ಟಿ ಹಾಕಿದರು, ಒಡಿಶಾ ಎಫ್‌ಸಿ 2-1. ಒಡಿಶಾದ ಕೋಚ್ ಗೋವಾದ ಕ್ಲಿಫರ್ಡ್ ಮಿರಾಂಡ.

ಕಿಕ್‌ಸ್ಟಾರ್ಟ್ ಎಫ್‌ಸಿಯ ಹುಡುಗಿಯರ ಬಗ್ಗೆ ಮಾತ್ರ ನನಗೆ ಓಡಿಸಿಕೊಂಡು ಹೋಗಲು ಮನಸ್ಸಿಲ್ಲ. ಅಹಮದಾಬಾದ್‌ನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು. ಅಲ್ಲಿ ಹದಿನಾರು ತಂಡಗಳ ನಡುವೆ ಒಂದೊಂದೇ ಪಂದ್ಯ ಗೆಲ್ಲುತ್ತ ಮೊದಲ ಸಲ ಫೈನಲ್‌ಗೆ ಬಂದರು. ಎದುರಿಗೆ ಗೋಕುಲಂ ಕೇರಳ. ಹೌದು, ಆಗಸ್ಟಿನಲ್ಲಿ ತಾಷ್ಕೆಂಟ್‌ನಿಂದ ಬರಿಗೈಲಿ ವಾಪಸಾದ ಅದೇ ಕ್ಲಬ್! ಗೋಕುಲಂ 5-0ರಿಂದ ಗೆದ್ದಿತು. ಅಂಕಿ ನೋಡಿ ಮುಖ ತಿರುಗಿಸುವವರಿಗೆ ನಾನು ಹೇಳುವುದಿಷ್ಟೆ: ದೇಶದ ಮಹಿಳಾ ಲೀಗ್‌ನ ಎರಡನೇ ತಂಡ ಆ ವರ್ಷ ಕರ್ನಾಟಕದ್ದು. ನಮ್ಮ ಶಾಲೆಗಳಲ್ಲಿ ಹುಡುಗಿಯರ ಕಾಲಿಗೆ ಚೆಂಡು ಕೊಡುವ ಪಿ.ಟಿ. ಮಾಸ್ತರರಿಗೆ, ಅಕ್ಕೋರರಿಗೆ ಇದು ತಿಳಿದಿರಬೇಕು. ಕಾರವಾರದ ಮಾಲಾದೇವಿ ಮೈದಾನದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಬೇಕಾದ ಸುದ್ದಿ ಇದು.

ಇನ್ನು ದೇಶದ ತಂಡ. ವಿಯೆಟ್ನಾಂನ ಆ ಮೂರು ಗೋಲುಗಳು ನೆನಪಿವೆಯಲ್ಲ? ಮಾರ್ಚ್ 22ಕ್ಕೆ ಇಂಫಾಲ್‌ನ ಪಂದ್ಯಾವಳಿಯಲ್ಲಿ ಮ್ಯಾನ್ಮಾರ್ ಎದುರು 1-0, 28ಕ್ಕೆ ಕಿರ್ಗಿಜ್ ರಿಪಬ್ಲಿಕ್ ಎದುರು 2-0. ಜೂನ್ 18ಕ್ಕೆ ಭುವನೇಶ್ವರದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಫೈನಲ್, ಲೆಬನಾನ್ ಎದುರು ಛೆಟ್ರಿ ಒಂದು, ಲಾಲಿಯನ್‌ಜುವಾಲಾ ಛಾಂಗ್ಟೆ ಒಂದು, 2-0. ಎರಡು ಪಂದ್ಯಾವಳಿ ಮುಗಿದರೂ ತಂಡ ಒಂದೇ ಒಂದು ಗೋಲು ತಿಂದಿರಲಿಲ್ಲ. ಮೂರು ದಿನ ಬಿಟ್ಟು ಬೆಂಗಳೂರಿನಲ್ಲಿ ಸ್ಯಾಫ್.

ಜೂನ್ 21, ಮಳೆ, ಕಂಠೀರವ, ಪಾಕಿಸ್ತಾನ. ವೀಸಾ ತಡವಾಗಿ ಮಾರಿಷಸ್‌ನಿಂದ ಪಾಕಿಸ್ತಾನದ ಆಟಗಾರರು ಬೆಂಗಳೂರಿಗೆ ಬಂದಿಳಿದದ್ದೇ ಪಂದ್ಯದ ದಿನ. ಛೆಟ್ರಿ ಮೂರು, ಉದಾಂತ ಸಿಂಗ್ ಒಂದು, 4-0. ಆ ಮೂರರೊಡನೆ ದೇಶಕ್ಕಾಗಿ ಛೆಟ್ರಿ ಹೊಡೆದ ಗೋಲುಗಳು ತೊಂಬತ್ತು. ನೇಪಾಳದ ಎದುರು ಇನ್ನೊಂದು, ಕುವೈತ್ ಎದುರು ಮತ್ತೊಂದು, 92! ಕುವೈತ್ ಪಂದ್ಯ ಗೆದ್ದೇಬಿಟ್ಟೆವು ಎನ್ನುವಾಗ ಕೊನೆಯ ನಿಮಿಷದಲ್ಲಿ ಅನ್ವರ್ ಅಲಿಯ ಕಾಲಿಗೆ ತಾಗಿದ ಚೆಂಡು ನಮ್ಮದೇ ಗೋಲಿಗೆ ಹೋಗಿ 1-1. ಸೆಮಿಫೈನಲ್‌ನಲ್ಲಿ ಲೆಬನಾನ್ ಮತ್ತೆ, ನೂರಿಪ್ಪತ್ತು ನಿಮಿಷ ಗೋಲಿಲ್ಲ, ಪೆನಾಲ್ಟಿಯಲ್ಲಿ 4-2.

ಜುಲೈ 4, ಫೈನಲ್, ಮತ್ತೆ ಕುವೈತ್. ಕಂಠೀರವ ತುಂಬಿ ತುಳುಕುತ್ತಿತ್ತು. ಹದಿನಾಲ್ಕನೇ ನಿಮಿಷಕ್ಕೆ ಶಬೈಬ್ ಅಲ್ ಖಾಲ್ದಿ ಕುವೈತ್‌ಗೆ ಗೋಲು ತಂದ. ಮೂವತ್ತೊಂಬತ್ತನೇ ನಿಮಿಷಕ್ಕೆ ಛಾಂಗ್ಟೆ ಸಮ ಮಾಡಿದ. ಅಲ್ಲಿಂದಾಚೆ ಹೆಚ್ಚುವರಿ ಸಮಯ ಮುಗಿಯುವ ತನಕ ಯಾರೂ ಮಣಿಯಲಿಲ್ಲ. ಸ್ಟ್ಯಾಂಡಿನಿಂದ ವಂದೇ ಮಾತರಂ ಏಳುತ್ತಿತ್ತು. ಮತ್ತೆ ಶೂಟೌಟ್. ಛೆಟ್ರಿ ಗೋಲು. ಕುವೈತ್‌ನ ಮೊದಲ ಒದೆತ ಅಡ್ಡಪಟ್ಟಿಗೆ ಬಡಿದು ಹೊರಗೆ! ಝಿಂಗನ್ ಗೋಲು, ಛಾಂಗ್ಟೆ ಗೋಲು. ಉದಾಂತನ ಒದೆತ ತಪ್ಪಿತು, ಮತ್ತೆ ಸಮ. ಸುಭಾಶಿಶ್ ಬೋಸ್ ಗೋಲು. ಐದೈದು ಒದೆತ ಮುಗಿದು 4-4. ಆರನೆಯವನು ನಾವೋರೆಂ ಮಹೇಶ್ ಸಿಂಗ್, ಮಣಿಪುರದ ಹುಡುಗ. ಆ ಹೊತ್ತಿಗೆ ಅವನ ರಾಜ್ಯ ಎರಡು ತಿಂಗಳಿಂದ ಹೊತ್ತಿ ಉರಿಯುತ್ತಿತ್ತು. ಬಂದ, ಒದ್ದ, ಗೋಲು. ಕುವೈತ್‌ನ ನಾಯಕ ಖಾಲಿದ್ ಹಾಜಿಯಾ ಓಡಿಬಂದು ಹೊಡೆದದ್ದನ್ನು ಗುರುಪ್ರೀತ್ ಎಡಕ್ಕೆ ಚಾಚಿ ಬಿದ್ದು ತಡೆದರು. 5-4.

ಒಂಬತ್ತನೇ ಸ್ಯಾಫ್ ಪ್ರಶಸ್ತಿ. ಫೈನಲ್‌ನಲ್ಲಿ ಆಡಿದ ಛೆಟ್ರಿ, ಗುರುಪ್ರೀತ್, ಝಿಂಗನ್, ಉದಾಂತ ನಾಲ್ವರೂ ಆ ಋತುವನ್ನು ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯಲ್ಲಿ ಕಳೆದವರು. ಮಾರ್ಚ್ 12ರ ರಾತ್ರಿ ಮೆಹ್ತಾಬ್‌ನನ್ನು ತಡೆದ ಅದೇ ಕೈಗಳು, ಅದೇ ಮೈದಾನದಲ್ಲಿ, ಈ ಸಲ ಇಡೀ ದೇಶಕ್ಕಾಗಿ. ಆ ತಿಂಗಳು ಫಿಫಾ ಪಟ್ಟಿಯಲ್ಲಿ ಭಾರತ 99ನೇ ಸ್ಥಾನಕ್ಕೆ ಏರಿತು. ಹನ್ನೊಂದು ತಿಂಗಳ ಹಿಂದೆ ಅದೇ ಫಿಫಾ ಬಾಗಿಲು ಹಾಕಿತ್ತು. ಇನ್ನೊಂದು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 3ಕ್ಕೆ, ಕೋಲ್ಕತ್ತದಲ್ಲಿ ಮುಂದಿನ ಡ್ಯುರಾಂಡ್ ಕಪ್ ಶುರುವಾಗಿಯೇ ಬಿಟ್ಟಿತು, ಬೆಂಗಳೂರು ಅಲ್ಲಿಗೆ ಹೋದದ್ದು ಚಾಂಪಿಯನ್ ಆಗಿ.